ಆನೆ ಮತ್ತೆ ಸಮುದ್ರ ಸೌತೆಕಾಯಿ, ಇವೆರಡಕ್ಕೂ ಏನಾದ್ರೂ ಹೋಲಿಕೆ ಇದ್ಯಾ?

ಕುತೂಹಲಿ:
ಮಗಳಿಗೆ ಸ್ಕೂಲಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದಾರೆ, ಸಂಬಂಧಾನೇ ಇಲ್ಲ ಅನ್ಸೋ ಎರಡು ಪ್ರಾಣಿ ತಗೊಂಡು ಹೋಲಿಸಿ ಬರೀಬೇಕಂತೆ. ಅವಳು ಆನೆ, ಸಮುದ್ರ ಸೌತೆಕಾಯಿ (ಕಡಲ ತಳದಲ್ಲಿರೋ ಸೌತೆಕಾಯಿ ಆಕಾರದ ಮೆತ್ತನೆ ಪ್ರಾಣಿ) ಅಂತ ಹಠ ಹಿಡಿದಿದಾಳೆ. ಆನೆ ಮೆದುಳು ಸುಮಾರು 5 ಕೆಜಿ, ಸಮುದ್ರ ಸೌತೆಕಾಯಿಗೆ ಮೆದುಳೇ ಇಲ್ಲ, ಬಾಯಿ ಸುತ್ತ ನರದ ಒಂದು ಉಂಗುರ ಅಷ್ಟೇ. ವ್ಯತ್ಯಾಸ ಎಷ್ಟು ಬೇಕಾದ್ರೂ ಬರೀಬೋದು, ಹೋಲಿಕೆ ಏನಿದೆ? ಗೊತ್ತಿರೋರು ಹೇಳಿ ಪ್ಲೀಸ್.

ಬಯಾಲಜಿ ಮೇಷ್ಟ್ರು:
ಮೊದ್ಲು ನೆಂಟಸ್ತಿಕೆ ಬರೀಲಿ. ಆನೆ ಕಿವಿ ಮೇಲೆ ಹರಿದಾಡೋ ಇರುವೆ ಇದ್ಯಲ್ಲ, ಅದಕ್ಕಿಂತ ಸಮುದ್ರ ಸೌತೆಕಾಯಿನೇ ಆನೆಗೆ ಹತ್ರದ ನೆಂಟ! ನಕ್ಷತ್ರ ಮೀನಿನ ಗುಂಪಿಗೆ ಸೇರಿದ್ದು ಅದು, ಆ ಗುಂಪೂ ಬೆನ್ನುಮೂಳೆ ಇರೋ ಪ್ರಾಣಿಗಳೂ ಒಂದೇ ಕವಲಿನವು, ಕೀಟಗಳದ್ದು ಬೇರೆ ಕವಲು. ಇನ್ನೊಂದು, ಸೊಂಡಿಲಲ್ಲಿ ಒಂದು ಮೂಳೆನೂ ಇಲ್ಲ, ಪೂರ್ತಿ ಮಾಂಸಖಂಡದ ಕೆಲಸ. ಸಮುದ್ರ ಸೌತೆಕಾಯಿಯ ಪುಟಾಣಿ ಕೊಳವೆ ಕಾಲುಗಳಲ್ಲೂ ಮೂಳೆ ಇಲ್ಲ, ಒಳಗಿನ ನೀರಿನ ಒತ್ತಡದಲ್ಲೇ ಚಾಚಿ ಹಿಡ್ಕೊಳ್ಳುತ್ತೆ.

ಕಡಲ ಹುಚ್ಚ:
ನನ್ನ ಪ್ರಕಾರ ಹಲ್ಲು ಮತ್ತೆ ಹೊಟ್ಟೆ ವಿಷಯ ಬರೀಲೇಬೇಕು. ಕಾಲೇಜಲ್ಲಿದ್ದಾಗ ಲ್ಯಾಬ್‌ಗೆ ಒಂದು ಸಮುದ್ರ ಸೌತೆಕಾಯಿನ ಬಕೆಟಲ್ಲಿ ತಂದಿದ್ವಿ, ಕೈಲಿ ಹಿಡಿದ ತಕ್ಷಣ ರಬ್ಬರ್ ತರ ಬಿಗಿಯಾಯ್ತು, ದಾರಿಲಿ ನೀರು ಬಿಸಿಯಾಯ್ತೋ ಏನೋ, ಬಂದು ನೋಡಿದ್ರೆ ಕರುಳೆಲ್ಲ ಹೊರಗೆ ಹಾಕಿತ್ತು, ಹಳದಿ ದಾರದ ಉಂಡೆ ತರ ತೇಲ್ತಿತ್ತು. ಸತ್ತೇ ಹೋಯ್ತು ಅನ್ಕೊಂಡು ನಂಗೆ ತುಂಬಾ ಬೇಜಾರಾಯ್ತು. ಟ್ಯಾಂಕಲ್ಲಿ ಬಿಟ್ವಿ, ಒಂದು ತಿಂಗಳ ಮೇಲಾದ್ಮೇಲೆ ಒಂದಿನ ಬೆಳಿಗ್ಗೆ ಅದರ ಹಿಂದೆ ಮರಳಿನ ಹಿಕ್ಕೆ ಸಾಲಾಗಿ ಬಿದ್ದಿತ್ತು. ಹೊಸ ಕರುಳು ಬೆಳೆದು ಕೆಲಸ ಶುರು ಮಾಡಿತ್ತು!
ಆನೆಗೆ ಈ ಭಾಗ್ಯ ಇಲ್ಲ. ಜೀವಮಾನಕ್ಕೆ ದವಡೆ ಹಲ್ಲು 6 ಸೆಟ್, ಒಂದು ಸವೆದ್ರೆ ಹಿಂದಿನಿಂದ ಇನ್ನೊಂದು ಮುಂದೆ ಜರುಗುತ್ತೆ, ಕೊನೇದೂ ಸವೆದ್ರೆ ಸುತ್ತ ಹಸಿರಿದ್ರೂ ಅಗಿಯೋಕಾಗದೆ ಹಸಿವಿಂದ ಸಾಯುತ್ತೆ. ಅಷ್ಟು ದೊಡ್ಡ ಪ್ರಾಣಿಗೆ ಇಂಥ ಗತಿ ಅಂತ ನೆನೆಸ್ಕೊಂಡ್ರೆ ಸಂಕಟ ಆಗುತ್ತೆ.

ಕುತೂಹಲಿ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಇದನ್ನ ಓದಿ ಮಗಳು ಕೇಳ್ತಿದಾಳೆ, ಕರುಳಿನ ಜೊತೆ ಉಸಿರಾಡೋ ಅಂಗಾನೂ ಹೊರಗೆ ಬಂದ್ಬಿಟ್ರೆ ಅದು ಬದುಕೋದು ಹೇಗೆ?

ಬಯಾಲಜಿ ಮೇಷ್ಟ್ರು:
ಒಳ್ಳೆ ಪ್ರಶ್ನೆ ಕೇಳಿದಾಳೆ ಕಣಮ್ಮ. ಸಾಮಾನ್ಯವಾಗಿ ಅದು ಗುದದ್ವಾರದಿಂದ ನೀರು ಎಳ್ಕೊಂಡು ಒಳಗಿರೋ ಮರದ ಕೊಂಬೆ ತರದ ಅಂಗದಲ್ಲಿ ಉಸಿರಾಡುತ್ತೆ, ಅದು ಹೋದ್ರೂ ಚರ್ಮ ಮತ್ತೆ ಕೊಳವೆ ಕಾಲುಗಳಿಂದ ಒಂದಿಷ್ಟು ಆಮ್ಲಜನಕ ಸಿಗುತ್ತೆ. ತಿನ್ನೋದೂ ಇಲ್ಲ, ಜಾಸ್ತಿ ಓಡಾಡೋದೂ ಇಲ್ಲ, ಹಾಗಾಗಿ ಅಷ್ಟೇ ಸಾಕಾಗುತ್ತೆ. ಆನೆ ನೀರಲ್ಲಿ ಮುಳುಗಿ ಈಜೋವಾಗ ಸೊಂಡಿಲು ಮೇಲೆತ್ತಿ ಉಸಿರಾಡುತ್ತಲ್ಲ, ಅದರ ಚಿತ್ರ ಪಕ್ಕದಲ್ಲಿ ಬಿಡಿಸೋಕೆ ಹೇಳಿ.