ಹೊಸ 125 ಗಾಡಿ: ಚೈನ್ ಸದ್ದು, ಮೈಲೇಜ್ ಕಡಿಮೆ, 40 ದಾಟಬಾರದಂತೆ. ಇದೆಲ್ಲಾ ಮಾಮೂಲಾ?

ಸಿಂಧನೂರ ಸವಾರ

ನಮಸ್ಕಾರ್ರಿ ಎಲ್ಲರಿಗೂ. ಹೊಸ 125 ಸಿಸಿ ಗಾಡಿ ತಗೊಂಡೀನಿ. ಎಫ್‌ಐ (ಕಾರ್ಬ್ಯುರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್), ಮುಂದ ಡಿಸ್ಕ್, ಹಿಂದ ಡ್ರಮ್, ಚೈನಿಗೆ ಪೂರ್ತಿ ಮುಚ್ಚಿದ ಕವರ್. ಮೀಟರ್ ಇನ್ನೂ 400 ಕಿ.ಮೀ ಮುಟ್ಟಿಲ್ಲ. ಓಡಾಟ ಹೆಚ್ಚಾಗಿ ಸಿಂಧನೂರು, ಮಾನ್ವಿ, ರಾಯಚೂರು ರೋಡಿನಾಗ, ಉಳಿದದ್ದು ಹೊಲದ ದಾರಿ. ಗಾಡಿ ಹಗುರ ಅದ, ಪಿಕಪ್ ಚಲೋ ಅದ, ಸೀಟಿನ ಬಗ್ಗೆ ತಕರಾರಿಲ್ಲ. ಆದ್ರ ಕೆಲವು ಅನುಮಾನ ಅದಾವ.

ಶೋರೂಮಿನವರು ಮೊದಲ ಸರ್ವಿಸ್ ತನಕ 40 ದಾಟಬ್ಯಾಡ್ರಿ ಅಂದಾರ. ಹೈವೇದಾಗ ಹಿಂದ ಲಾರಿ ಬಂದ್ರ 40ಕ್ಕ ಹೋಗೋದೇ ಅಂಜಿಕಿ. ಖರೇನ ಅಷ್ಟು ಕಟ್ಟುನಿಟ್ಟು ಬೇಕಾ? ಹಂಪ್ ಹಾರಿಸಿದ್ರ ಚೈನ್ ಕವರಿಗೆ ಬಡಿದಂಗ ಕಟಕಟ ಸದ್ದು ಬರ್ತದ. ಗಾಡಿ ಬಂದ್ ಮಾಡಿದ ಮ್ಯಾಲೆ ಸೈಲೆನ್ಸರ್ ಕಡೆಯಿಂದ ಟಿಕ್ ಟಿಕ್ ಅಂತದ, ಸುಟ್ಟ ವಾಸನಿನೂ ಅದ. ಸಿಗ್ನಲ್‌ನಾಗ ನಿಂತ್ರ ನ್ಯೂಟ್ರಲ್ ಬೀಳೋದೇ ಇಲ್ಲ. ಮೈಲೇಜ್ 65 ಅಂದಿದ್ರು, ಮೀಟರ್ 58 ತೋರಸ್ತದ, ನಾನು ಲೆಕ್ಕ ಹಾಕಿದ್ರ 51. ಮತ್ತ ಮೊದಲ ಸರ್ವಿಸ್‌ಗೆ ಬಂದಾಗ ಪೇಂಟಿಗೆ ಟೆಫ್ಲಾನ್ ಕೋಟಿಂಗು, ಆಯಿಲಿಗೆ ಬೆರೆಸೋ ಎಂಜಿನ್ ಅಡಿಟಿವ್ ಹಾಕಿಸ್ರಿ ಅಂತ ಈಗಲೇ ಹೇಳಿಟ್ಟಾರ. ಗೊತ್ತಿದ್ದವರು ಹೇಳ್ರಿ.

ಕೆಎ34 ಪಾನಾ

40ರ ಮಾತು ಅರ್ಧ ಸತ್ಯ. ಹೊಸ ಎಂಜಿನ್‌ಗೆ ಕೆಟ್ಟದ್ದು ಮೂರು: ಥ್ರಾಟಲ್ ಪೂರ್ತಿ ತಿರುವುದು, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸುವುದು, ಮೇಲಿನ ಗೇರ್‌ನಲ್ಲಿ ಕಡಿಮೆ ವೇಗಕ್ಕೆ ಇಳಿದು ಎಂಜಿನ್ ನರಳಿಸುವುದು. ನಿಮ್ಮ ದಾರಿಯಲ್ಲಿ ಎರಡನೆಯದೇ ಹೆಚ್ಚು ಅಪಾಯ. ನಮ್ಮ ಕಡೆಯ ರಸ್ತೆ ಸಪಾಟು. ಐದನೇ ಗೇರ್ ಹಾಕಿ 40ಕ್ಕೆ ಕಟ್ಟಿಟ್ಟರೆ ಊರು ಬರುವವರೆಗೆ ಕೈ ಕದಲಿಸುವ ಪ್ರಸಂಗವೇ ಬರುವುದಿಲ್ಲ. ಶೋರೂಮ್ ಮಾತು ಪಾಲಿಸಿದ ಹಾಗೂ ಆಯಿತು, ಎಂಜಿನ್‌ಗೆ ಉಪಯೋಗ ಏನೂ ಆಗಲಿಲ್ಲ.

ಕಾರಣ ಇಷ್ಟು. ಸಿಲಿಂಡರ್ ಒಳಗೋಡೆಯ ಮೇಲೆ ಹೋನಿಂಗ್ ಮಾಡಿದ (ಸಾಣೆಕಲ್ಲಿನಿಂದ ಉಜ್ಜಿದ) ಓರೆ ಗೀರುಗಳಿರುತ್ತವೆ. ಪಿಸ್ಟನ್ ರಿಂಗ್ ಆ ಗೀರುಗಳ ಮೊನೆಗೆ ಉಜ್ಜಿ ಉಜ್ಜಿ ಗೋಡೆಗೆ ಸರಿಯಾಗಿ ಕೂರಬೇಕು. ರಿಂಗನ್ನು ಗೋಡೆಗೆ ಒತ್ತುವುದು ಅದರ ಹಿಂದೆ ನುಗ್ಗುವ ದಹನದ ಒತ್ತಡ. ಥ್ರಾಟಲ್ ಕೊಟ್ಟಾಗ ಒತ್ತಡ ಏರುತ್ತದೆ, ಬಿಟ್ಟಾಗ ಇಳಿದು ಆಯಿಲ್ ಗೋಡೆಗೆ ಬಂದು ಉಜ್ಜಿದ ಪುಡಿಯನ್ನು ತೊಳೆದುಕೊಂಡು ಹೋಗುತ್ತದೆ. ಈ ಏರಿಳಿತ ಸಿಗದೆ ಇದ್ದರೆ ಗೋಡೆ ರಿಂಗ್ ಕೂರುವ ಮೊದಲೇ ನುಣುಪಾಗಿಬಿಡುತ್ತದೆ. ಆಮೇಲೆ ಆಯಿಲ್ ಕುಡಿಯುವುದು, ನೀಲಿ ಹೊಗೆ ಎಲ್ಲಾ ಅದರ ಫಲ.

ಹಾಗಾಗಿ ಹೀಗೆ ಮಾಡಿ. ಸ್ಟಾರ್ಟ್ ಆದ ಮೇಲೆ ಅರ್ಧ ನಿಮಿಷ ಬಿಟ್ಟು ನಿಧಾನಕ್ಕೆ ಹೊರಡಿ, ನಿಂತಲ್ಲೇ ರೇಸ್ ಮಾಡಬೇಡಿ. ಹೈವೇಯಲ್ಲಿ 40ರಿಂದ 55ಕ್ಕೆ ಮೆತ್ತಗೆ ಏರಿಸಿ, ಥ್ರಾಟಲ್ ಬಿಟ್ಟು ಮತ್ತೆ 40ಕ್ಕೆ ಇಳಿಯಲು ಬಿಡಿ, ಆಗಾಗ ನಾಲ್ಕನೇ ಗೇರ್‌ಗೆ ಬನ್ನಿ. ಲಾರಿ ಹಿಂದೆ ಬಿದ್ದರೆ ಕ್ಷಣಕಾಲ 60 ಮುಟ್ಟಿದರೆ ಎಂಜಿನ್ ಏನೂ ಸಾಯುವುದಿಲ್ಲ, ನಿಮ್ಮ ಜೀವ ಮುಖ್ಯ. ಮ್ಯಾನ್ಯುಯಲ್‌ನಲ್ಲಿ ರನ್ನಿಂಗ್-ಇನ್‌ಗೆ (ಹೊಸ ಎಂಜಿನ್ ಪಳಗಿಸುವ ಅವಧಿಗೆ) ಬೇರೆ ಮಿತಿ ಬರೆದಿದ್ದರೆ ಅದನ್ನೇ ಹಿಡಿಯಿರಿ. ಏಪ್ರಿಲ್, ಮೇ ಮಧ್ಯಾಹ್ನ 40 ಡಿಗ್ರಿ ದಾಟಿದಾಗ ಗಾಳಿಯಿಂದ ತಣಿಯುವ ಎಂಜಿನ್‌ಗೆ ಮಾನ್ವಿಯಲ್ಲಿ ಹತ್ತು ನಿಮಿಷ ವಿರಾಮ ಕೊಟ್ಟರೆ ಒಳ್ಳೆಯದು. 30ರ ವೇಗದಲ್ಲಿ ಐದನೇ ಗೇರ್ ಮಾತ್ರ ಬೇಡವೇ ಬೇಡ.

ಟಿಕ್ ಟಿಕ್ ಸದ್ದು ಕಾದ ಲೋಹ ತಣ್ಣಗಾಗಿ ಕುಗ್ಗುವಾಗ ಬರುವಂಥದ್ದು. ಬಿಎಸ್6 (ಈಗಿನ ಹೊಗೆ ಮಿತಿಯ ನಿಯಮ) ಗಾಡಿಗಳ ಸೈಲೆನ್ಸರ್ ಒಳಗಿನ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕಾಯುತ್ತದೆ, ಅದಕ್ಕೇ ಸದ್ದು ಜಾಸ್ತಿ. ವಾಸನೆ ಕಾರ್ಖಾನೆಯಲ್ಲಿ ಹಚ್ಚಿದ ತುಕ್ಕು ನಿರೋಧಕ ಎಣ್ಣೆ, ಪೇಂಟ್ ಕಾದು ಬರುವುದು, ಕೆಲವೇ ದಿನದಲ್ಲಿ ಹೋಗುತ್ತದೆ. ಆದರೆ ಪೆಟ್ರೋಲ್ ವಾಸನೆ ಇದ್ದರೆ ಅದು ಬೇರೆ ವಿಷಯ, ಗಾಡಿ ತಕ್ಷಣ ತೋರಿಸಿ.

ನ್ಯೂಟ್ರಲ್: ಗಾಡಿ ಪೂರ್ತಿ ನಿಲ್ಲುವ ಮೊದಲೇ, ಚಕ್ರ ಇನ್ನೂ ಉರುಳುತ್ತಿರುವಾಗ ಎರಡನೇ ಗೇರ್‌ನಿಂದ ಮೆಲ್ಲಗೆ ಒತ್ತಿ. ಹೊಸ ಕ್ಲಚ್ ಪ್ಲೇಟ್‌ಗಳು ಸ್ವಲ್ಪ ಅಂಟುತ್ತವೆ. ಕ್ಲಚ್ ಲಿವರ್ ತುದಿಯಲ್ಲಿ ಆಟ (ಬಿಗಿ ಹಿಡಿಯುವ ಮೊದಲಿನ ಸಡಿಲ) 10ರಿಂದ 20 ಮಿ.ಮೀ ಇರಬೇಕು. ಜಾಸ್ತಿ ಇದ್ದರೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ, ನ್ಯೂಟ್ರಲ್ ಸಿಗದಿರುವುದಕ್ಕೆ ಅದೇ ದೊಡ್ಡ ಕಾರಣ. ಆಟವೇ ಇಲ್ಲದಿದ್ದರೆ ಪ್ಲೇಟ್ ಜಾರಿ ಸುಡುತ್ತದೆ.

ಕೊಪ್ಪಳ ಚೈನ್‌ಸೆಟ್

ಚೈನಿನ ಬಗ್ಗೆ ನಾನು ಹೇಳ್ತೀನಿ. ಹೊಸ ಚೈನ್ ಮೊದಲ ಕೆಲವು ನೂರು ಕಿಲೋಮೀಟರ್‌ನಾಗ ಹಿಗ್ಗೇ ಹಿಗ್ಗತೈತಿ, ಪಿನ್ನು ಬುಷ್ ಒಂದಕ್ಕೊಂದು ಕೂಡೋ ತನಕ. ಕವರಿಗೆ ಬಡಿಯಾಕತ್ತೈತಿ ಅಂದ್ರ ಸಡಿಲ ಆಗೈತಿ ಅಂತನ ತಿಳ್ಕೊರಿ, ಸರ್ವಿಸ್ ತನಕ ಕಾಯಬ್ಯಾಡ್ರಿ.

ಗಾಡಿ ಮೇನ್ ಸ್ಟ್ಯಾಂಡ್ ಹಾಕ್ರಿ, ಎಂಜಿನ್ ಬಂದ್, ನ್ಯೂಟ್ರಲ್. ಕವರಿನಾಗ ನೋಡಾಕ ಅಂತ ಒಂದು ರಬ್ಬರ್ ಬಿರಡಿ ಇರತೈತಿ, ಅದನ್ನ ತೆಗೀರಿ. ತೂತಿನಾಗ ಸ್ಕ್ರೂಡ್ರೈವರ್ ಹಾಕಿ ಕೆಳಗಿನ ಚೈನ್ ಮ್ಯಾಲೆ ಕೆಳಗ ಆಡಿಸ್ರಿ. ಒಟ್ಟು ಆಟ 20ರಿಂದ 30 ಮಿ.ಮೀ ಇರಬೇಕು. ಚಕ್ರ ಕೈಲೆ ತಿರುವಿ ಮೂರ್ನಾಲ್ಕು ಕಡೆ ನೋಡ್ರಿ. ಎಲ್ಲಾ ಕಡೆ ಒಂದೇ ಸಮ ಇರಂಗಿಲ್ಲ, ಬಿಗಿ ಇರೋ ಜಾಗಕ್ಕ ಲೆಕ್ಕ ಇಡ್ರಿ. ಎಂಜಿನ್ ಚಾಲೂ ಇಟ್ಟು ಗೇರ್ ಹಾಕಿ ಚೈನ್ ನೋಡೋ ಕೆಲಸ ಯಾವತ್ತೂ ಮಾಡಬ್ಯಾಡ್ರಿ, ಬಟ್ಟಿ ಸ್ಪ್ರಾಕೆಟಿಗೆ (ಚೈನ್ ಕೂಡೋ ಹಲ್ಲಿನ ಚಕ್ರಕ್ಕ) ಸಿಕ್ರ ಬೆರಳು ಹೋಗತಾವ.

ಜಾಸ್ತಿ ಇದ್ರ ಹಿಂದಿನ ಆಕ್ಸಲ್ ನಟ್ ಸಡಿಲ ಮಾಡ್ರಿ. ಭಾಳ ಕಮ್ಯೂಟರ್ ಗಾಡಿಗೆ ಸ್ಪ್ರಾಕೆಟ್ ಕಡೆ ಇನ್ನೊಂದು ಸ್ಲೀವ್ ನಟ್ ಇರತೈತಿ, ಅದನ್ನೂ ಸಡಿಲ ಮಾಡದಿದ್ರ ಚಕ್ರ ಸರಿಯಂಗಿಲ್ಲ. ಆಮ್ಯಾಲೆ ಎರಡೂ ಕಡೆ ಅಡ್ಜಸ್ಟರ್ ನಟ್ ಅರ್ಧ ಅರ್ಧ ಸುತ್ತು. ಎರಡೂ ಕಡಿ ಗುರುತು ಒಂದೇ ಗೆರಿಗೆ ಬರಬೇಕು, ಇಲ್ಲಾಂದ್ರ ಚಕ್ರ ಸೊಟ್ಟ ನಿಂತು ಸ್ಪ್ರಾಕೆಟ್ ಹಲ್ಲು ಒಂದು ಮಗ್ಗಲಿಗೆ ಸವೀತಾವ. ಬಿಗಿ ಮಾಡಿದ ಮ್ಯಾಲೆ ಇನ್ನೊಮ್ಮೆ ಅಳೀರಿ, ನಟ್ ಬಿಗಿಯುವಾಗ ಸೆಟಿಂಗ್ ಸ್ವಲ್ಪ ಸರೀತೈತಿ. ಟೂಲ್ ಕಿಟ್‌ನಾಗಿನ ಪಾನಾ ಈ ನಟ್ಟಿಗೆ ಸಾಲಂಗಿಲ್ಲ, ಉದ್ದ ಹಿಡಿಕಿ ರಿಂಗ್ ಪಾನಾ ಬೇಕು.

ಇಲ್ಲೇ ಭಾಳ ಮಂದಿ ಮರೆಯೋದು: ಚಕ್ರ ಹಿಂದಕ್ಕ ಸರಿದ್ರ ಬ್ರೇಕ್ ರಾಡ್ ಎಳಕೊಂತೈತಿ. ಪೆಡಲ್‌ನ ಆಟ 20ರಿಂದ 30 ಮಿ.ಮೀ ಇಲ್ಲದಿದ್ರ ಶೂ ಡ್ರಮ್ಮಿಗೆ ಉಜ್ಜಿಕೋತ ಹೋಗತೈತಿ, ಡ್ರಮ್ ಕಾಯ್ತೈತಿ, ಮೈಲೇಜ್ ಬೀಳತೈತಿ. ಚಕ್ರ ಕೈಲೆ ತಿರುವಿದ್ರ ಸಲೀಸ ತಿರುಗಬೇಕು. ಬ್ರೇಕ್ ಲೈಟ್ ಯಾವಾಗ ಹತ್ತತೈತಿ ಅದನ್ನೂ ನೋಡ್ರಿ.

ಗಿಟಾರ್ ತಂತಿ ಹಂಗ ಬಿಗಿ ಮಾಡೋದೂ ತಪ್ಪು. ಹಿಂದ ಮಂದಿ ಕುಂತು ಶಾಕಬ್ಸರ್ ಕುಸಿದಾಗ ಚೈನ್ ಇನ್ನೂ ಬಿಗೀತೈತಿ, ಗೇರ್‌ಬಾಕ್ಸ್ ಬೇರಿಂಗ್ ಮ್ಯಾಲೆ ಭಾರ ಬೀಳತೈತಿ.

ಸಿಂಧನೂರ ಸವಾರ

ಇಬ್ಬರಿಗೂ ಭಾಳ ಉಪಕಾರ ಆತ್ರಿ. ನೋಡಿದೆ, ಚೈನ್ ಆಟ 40 ಮಿ.ಮೀ ಮ್ಯಾಲೇನೇ ಅದ. ಮೈಲೇಜ್ ಬಗ್ಗೆ ಯಾರೂ ಹೇಳಲಿಲ್ಲ. ಮತ್ತ ಹೊಲದ ದಾರಿ ಧೂಳು, ಮಳಿಗಾಲದಾಗ ಎರೆಮಣ್ಣು. ಫಿಲ್ಟರ್ ನಾವೇ ಗಾಳಿ ಹೊಡೆಸಿಕೊಂಡ್ರ ನಡೀತದಾ?

ಸಂಡೂರು ಕೆಂಪುಧೂಳು

ಗಾಳಿ ಹೊಡೆಸಬೇಡಿ. ಈಗಿನ ಹೆಚ್ಚಿನ ಕಮ್ಯೂಟರ್ ಗಾಡಿಗಳಲ್ಲಿರುವುದು ಎಣ್ಣೆ ಸವರಿದ ಕಾಗದದ ಫಿಲ್ಟರ್. ಧೂಳು ಹಿಡಿಯುವುದೇ ಆ ಎಣ್ಣೆ. ಕಂಪ್ರೆಸರ್ ಗಾಳಿ ಹೊಡೆದರೆ ಎಣ್ಣೆ ಹೋಗುತ್ತದೆ, ಮಡಿಕೆ ಹರಿಯುತ್ತದೆ, ನಯವಾದ ಧೂಳು ನೇರ ಸಿಲಿಂಡರ್‌ಗೆ. ಇದು ತೊಳೆಯುವಂಥದ್ದಲ್ಲ, ಬದಲಿಸುವಂಥದ್ದು. ಮ್ಯಾನ್ಯುಯಲ್‌ನಲ್ಲಿ ಬರೆದ ಕಿಲೋಮೀಟರ್ ಒಳ್ಳೆಯ ರಸ್ತೆಗೆ. ತೋರಣಗಲ್ಲು, ಸಂಡೂರು ಕಡೆಯ ಅದಿರು ಲಾರಿಗಳ ಹಿಂದೆ ಅಥವಾ ಹೊಲದ ದಾರಿಯಲ್ಲಿ ಓಡುವ ಗಾಡಿಗೆ ಅದರ ಅರ್ಧಕ್ಕೇ ಒಮ್ಮೆ ಬಿಚ್ಚಿಸಿ ನೋಡಿ. ಫೋಮ್ ಫಿಲ್ಟರ್ ಇದ್ದರೆ ಮಾತು ಬೇರೆ, ಅದನ್ನು ತೊಳೆದು ಒಣಗಿಸಿ ಎಣ್ಣೆ ಹಚ್ಚಿ ಹಾಕಬಹುದು.

ಎರೆಮಣ್ಣಿನ ವಿಷಯ. ಒದ್ದೆಯಾದಾಗ ಅದು ಟೈರಿಗೂ ಮಡ್‌ಗಾರ್ಡ್‌ಗೂ ನಡುವೆ ತುಂಬಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಥ್ರಾಟಲ್ ಕೊಟ್ಟು ಎಳೆಯಲು ಹೋದರೆ ಸುಡುವುದು ಕ್ಲಚ್. ಇಳಿದು ಕಟ್ಟಿಗೆಯಿಂದ ಮಣ್ಣು ಕೆದರಿ ಮುಂದೆ ಹೋಗಿ. ಒಣಗುವ ಮೊದಲೇ ತೊಳೆಯಿರಿ, ಆದರೆ ಬಿಸಿ ಎಂಜಿನ್ ಮೇಲೆ ನೀರು ಬೇಡ, ಪ್ರೆಶರ್ ಗನ್ ಚಕ್ರದ ಹಬ್‌ಗೆ, ಮೀಟರಿಗೆ, ಹ್ಯಾಂಡಲ್ ಬೇರಿಂಗ್ ಜಾಗಕ್ಕೆ ಹಿಡಿಯಬೇಡಿ. ಬೋರ್ ನೀರು ಸವಳಾಗಿದ್ದರೆ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಟ್ಯಾಂಕ್ ಮೇಲೆ ಬಿಳಿ ಕಲೆ ಕೂರುತ್ತದೆ. ಇನ್ನೊಂದು ಮಾತು, 125ಕ್ಕೆ ಸಾಮಾನ್ಯವಾಗಿ ಸಿಬಿಎಸ್ (ಎರಡೂ ಬ್ರೇಕ್ ಜೋಡಿಸಿದ ವ್ಯವಸ್ಥೆ) ಇರುತ್ತದೆ. ಹಿಂದಿನ ಪೆಡಲ್ ಒತ್ತಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. ಒದ್ದೆ ಎರೆಯಲ್ಲಿ, ಅದೂ ತಿರುವಿನಲ್ಲಿ, ಪೆಡಲ್ ಗಟ್ಟಿಯಾಗಿ ತುಳಿದರೆ ಮುಂದಿನ ಚಕ್ರ ಜಾರುತ್ತದೆ.

ಮೈಲೇಜ್ ಲೆಕ್ಕ. 204 ಕಿ.ಮೀಗೆ 4 ಲೀಟರ್ ಹಿಡಿದರೆ 51. ಆದರೆ ತುಂಬಿಸುವಾಗ ಅರ್ಧ ಲೀಟರ್ ಹೆಚ್ಚುಕಮ್ಮಿಯಾದರೆ ಅದೇ ಓಟ 45 ಆಗಬಹುದು, 58 ಕೂಡ ಆಗಬಹುದು. ಒಂದೇ ಬಂಕ್, ಒಂದೇ ಪಂಪ್, ಗನ್ ತಾನಾಗಿ ಕಟ್ ಆದಲ್ಲಿಗೇ ನಿಲ್ಲಿಸಿ, ಮೂರು ನಾಲ್ಕು ತುಂಬಿಸುವಿಕೆ ಸೇರಿಸಿ ಭಾಗಿಸಿ. ಅದೂ ಮೊದಲ ಸರ್ವಿಸ್ ಆದ ಮೇಲೆ. ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ ಶೇ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಆ ಬೆರಕೆಯ ಪಾಲಿನಷ್ಟು ಮೈಲೇಜ್ ಸ್ವಲ್ಪ ಇಳಿಯುವುದು ಸಹಜ.

ಟ್ಯಾಂಕ್ ಬಾಯಿತನಕ ಮಾತ್ರ ತುಂಬಿಸಬೇಡಿ. ಬಿಎಸ್6 ಗಾಡಿಯಲ್ಲಿ ಪೆಟ್ರೋಲ್ ಆವಿ ಹಿಡಿಯುವ ಇದ್ದಿಲಿನ ಡಬ್ಬಿ, ಅಂದರೆ ಕ್ಯಾನಿಸ್ಟರ್ ಇರುತ್ತದೆ. ನಮ್ಮ ಬಿಸಿಲಿಗೆ ಪೆಟ್ರೋಲ್ ಹಿಗ್ಗಿ ಪೈಪಿನಲ್ಲಿ ಇಳಿದು ಆ ಡಬ್ಬಿ ತೋಯ್ದರೆ ಬಿಸಿಯಾದ ಮೇಲೆ ಸ್ಟಾರ್ಟ್ ಆಗಲು ತಕರಾರು, ಪೆಟ್ರೋಲ್ ವಾಸನೆ ಶುರು.

ಟೈರ್ ಗಾಳಿ ಬೆಳಿಗ್ಗೆ, ಓಡಿಸುವ ಮೊದಲು ನೋಡಿ. 125ರಲ್ಲಿ ಸಾಮಾನ್ಯವಾಗಿ ಮುಂದೆ 25, ಹಿಂದೆ ಒಬ್ಬರೇ ಇದ್ದರೆ 29 ಪಿಎಸ್‌ಐ ಆಸುಪಾಸು. ನಿಮ್ಮ ಗಾಡಿಯ ಸ್ಟಿಕ್ಕರ್‌ನಲ್ಲಿ ಇರುವುದೇ ಅಂತಿಮ. ಕಾದ ಟೈರಿನಲ್ಲಿ ಜಾಸ್ತಿ ತೋರಿಸಿತೆಂದು ಗಾಳಿ ಬಿಡಿಸಬೇಡಿ.

ಗಂಗಾವತಿ ಹೊಸಗಾಡಿ

ಆಯಿಲ್ 300ಕ್ಕೇ ಚೇಂಜ್ ಮಾಡಿಸಿಬಿಡ್ರಿ, ಕಂಪನಿ ಹೇಳೋ ತನಕ ಯಾಕ ಕಾಯಬೇಕು? ಎಲ್ಲಾ ಲೋಹದ ಪುಡಿನೇ ಇರತೈತಿ.

ಕೆಎ34 ಪಾನಾ

ಮಾಡಿಸಿದರೆ ನಷ್ಟವಿಲ್ಲ, ಆದರೆ ಹೊರಗೆ ಮಾಡಿಸಿ ಬೇರೆ ಗ್ರೇಡ್ ಹಾಕಿಸಿದರೆ ವಾರಂಟಿ ಕ್ಲೇಮ್ ಬಂದಾಗ ವಾದ ಶುರುವಾಗುತ್ತದೆ. ಮ್ಯಾನ್ಯುಯಲ್‌ನ ಕಿಲೋಮೀಟರ್ ಅಥವಾ ದಿನ, ಯಾವುದು ಮೊದಲೋ ಅಷ್ಟರೊಳಗೆ ಹೋದರೆ ಸಾಕು. ಕಾರಿನ ಆಯಿಲ್ ಮಾತ್ರ ಹಾಕಿಸಬೇಡಿ. ಬೈಕಿನಲ್ಲಿ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಕಾರಿನ ಆಯಿಲ್‌ನ ಜಾರಿಕೆಗೆ ಕ್ಲಚ್ ಸ್ಲಿಪ್ ಆಗುತ್ತದೆ. ಡಬ್ಬಿ ಮೇಲೆ ಜೆಎಎಸ್‌ಒ ಎಂಎ ಅಥವಾ ಎಂಎ2 (ಬೈಕ್ ಕ್ಲಚ್‌ಗೆ ಹೊಂದುವ ಆಯಿಲ್‌ನ ಗುರುತು) ಇದೆಯಾ ನೋಡಿ.

ಟೆಫ್ಲಾನ್, ಅಡಿಟಿವ್ ಎರಡೂ ಬೇಡ ಅನ್ನಿ. ಹೊಸ ಪೇಂಟ್‌ಗೆ ಕೋಟಿಂಗ್ ಬೇಕಾಗಿಲ್ಲ, ರಿಂಗ್ ಕೂರಬೇಕಾದ ಹೊತ್ತಿನಲ್ಲಿ ಜಾರಿಕೆ ಹೆಚ್ಚಿಸುವ ಅಡಿಟಿವ್ ಸುರಿಯುವುದು ಉಲ್ಟಾ ಕೆಲಸ. ಫ್ರೀ ಸರ್ವಿಸ್ ಅಂದರೆ ಕೂಲಿ ಮಾತ್ರ ಫ್ರೀ, ಆಯಿಲ್ ದುಡ್ಡು ಕೊಡಬೇಕು. ಜಾಬ್ ಕಾರ್ಡ್‌ನಲ್ಲಿ ಚೈನ್ ಆಟ, ಕ್ಲಚ್ ಆಟ, ನ್ಯೂಟ್ರಲ್ ತಕರಾರು ಮೂರನ್ನೂ ಬರೆಸಿ, ನಿಮ್ಮ ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಲ್ಲಿ ಹೇಳಿದ್ದು ಒಳಗಿನ ಹುಡುಗನಿಗೆ ಮುಟ್ಟುವುದೇ ಇಲ್ಲ.

ಕೊಪ್ಪಳ ಚೈನ್‌ಸೆಟ್

40 ಮಿ.ಮೀ ಅಂದ್ರ ಇವತ್ತೇ ಬಿಗಿ ಮಾಡಿಸ್ರಿ, ರಾಯಚೂರಿಗೆ ಹೋಗೋಕ್ಕಿಂತ ಮೊದಲು. ಜೊತಿಗೆ ಚೈನಿಗೆ ಒಂದಿಷ್ಟು 90 ನಂಬರ್ ಗೇರ್ ಆಯಿಲ್ ಬಿಡಿಸಿ, ಮ್ಯಾಲಿನದು ಬಟ್ಟಿಲೆ ಒರಸ್ರಿ. ಚೈನ್ ತೊಳಿಯಾಕ ಸೀಮೆಎಣ್ಣಿ ನಡೀತೈತಿ, ಪೆಟ್ರೋಲ್ ಬ್ಯಾಡ.