ಸ್ಪ್ಯಾನಿಷ್ ಮನೆಮಾತಿನವರಿಗೆ ಪುಟ್ ಆಫ್, ಗಿವ್ ಅಪ್ ಕಲಿಸುವುದು ಹೇಗೆ?

ಕೇಳಿದವರು, ಡಬ್ಲಿನ್‌ನಿಂದ:
ನನ್ನ ಗಂಡ ಕೊಲಂಬಿಯಾದವರು, ಮನೆಮಾತು ಸ್ಪ್ಯಾನಿಷ್. ಇಂಗ್ಲಿಷ್ ಚೆನ್ನಾಗಿ ಓದುತ್ತಾರೆ, ಬರೆಯುತ್ತಾರೆ. ಆದರೆ ಆಫೀಸಿನಲ್ಲಿ ಯಾರಾದರೂ ಪುಟ್ ಆಫ್, ಟರ್ನ್ ಡೌನ್, ಕಮ್ ಅಪ್ ವಿತ್ ಅಂದರೆ ಮಾತಿನ ಎಳೆ ತಪ್ಪಿಹೋಗುತ್ತದೆ. ಪಟ್ಟಿ ಬಾಯಿಪಾಠ ಮಾಡಿ ಮಾಡಿ ಸಾಕಾಗಿದೆ. ಇಂಥವರಿಗೆ ಕಲಿಸಿದವರು, ಜೊತೆಗಿದ್ದು ನೋಡಿದವರು ಇದ್ದರೆ ದಯವಿಟ್ಟು ಹೇಳಿ.

ಮ್ಯಾಡ್ರಿಡ್‌ನಿಂದ:
ಮೇಡಂ, ನಾನು ಇಲ್ಲಿ ದೊಡ್ಡವರಿಗೆ ಇಂಗ್ಲಿಷ್ ಪಾಠ ಹೇಳುತ್ತೇನೆ. ಮೊದಲು ಆ ಪಟ್ಟಿ ಬದಿಗಿಡಿ. ಗೆಟ್ ಅಪ್, ಗೆಟ್ ಓವರ್, ಗೆಟ್ ಬೈ ಎಲ್ಲ ಒಂದೇ ಪುಟದಲ್ಲಿ ಕಲಿತರೆ ಒಂದಕ್ಕೊಂದು ಕಲಸಿಹೋಗುತ್ತವೆ.

ಸ್ಪ್ಯಾನಿಷಿನಲ್ಲಿ ದಿಕ್ಕು ಕ್ರಿಯಾಪದದ ಒಳಗೇ ಇರುತ್ತದೆ. ಸುಬಿರ್ ಅಂದರೆ ಹತ್ತು, ಬಹಾರ್ ಅಂದರೆ ಇಳಿ. 'ಸಲ್ಯೋ ಕೊರ್ರಿಯೆಂದೊ' ಅಂದರೆ ಓಡುತ್ತಾ ಹೊರಬಿದ್ದ. ಕನ್ನಡದ ಹಾಗೆಯೇ ಅಲ್ವಾ? ಇಂಗ್ಲಿಷ್ ಮಾತ್ರ ರನ್ ಅಂತ ಓಟವನ್ನು ಮುಂದಿಟ್ಟು, ದಿಕ್ಕನ್ನು ಔಟ್ ಅನ್ನುವ ಪುಟ್ಟ ಪದಕ್ಕೆ ಬಿಡುತ್ತದೆ. ನಮ್ಮ ವಿದ್ಯಾರ್ಥಿಗಳು ಕ್ರಿಯಾಪದ ಕೇಳಿಸಿದ ಕೂಡಲೇ ಅರ್ಥವಾಯಿತು ಅಂದುಕೊಳ್ಳುತ್ತಾರೆ. ಹಿಂದೆ ಬರುವ ಅಪ್, ಆಫ್ ಕಡೆ ಕಿವಿ ಹೋಗುವುದಿಲ್ಲ. ಪಾಠ ಅಲ್ಲಿಂದಲೇ ಶುರುವಾಗಬೇಕು.

ಅವರಲ್ಲಿ ಆಗಲೇ ಇರುವುದನ್ನು ಹಿಡಿದುಕೊಳ್ಳಿ. ಕೊಮೆರ್ ಅಂದರೆ ತಿನ್ನು. ಒಂದಿಷ್ಟೂ ಬಿಡದೆ ತಿಂದರೆ ಕೊಮೆರ್ಸೆ. ಈಟ್ ಅಪ್ ಅನ್ನುವುದೂ ಅದೇ, ನಮ್ಮ 'ತಿಂದುಬಿಡು' ಕೂಡ ಹೆಚ್ಚುಕಡಿಮೆ ಅದೇ. ಬೆಬೆರ್ಸೆ ಅಂದರೆ ಡ್ರಿಂಕ್ ಅಪ್. ಇದನ್ನು ತೋರಿಸಿದಾಗ ತರಗತಿಯಲ್ಲಿ ಮುಖಗಳು ಅರಳುವುದನ್ನು ನೋಡಬೇಕು! ಯೂಸ್ ಅಪ್ ಆಮೇಲೆ ತಾನಾಗಿ ಬರುತ್ತದೆ. ಗಿವ್ ಅಪ್, ಶೋ ಅಪ್ ಮಾತ್ರ ಈ ದಾರಿಗೆ ಬರುವುದಿಲ್ಲ, ಅವನ್ನು ಬೇರೆಯಾಗಿಯೇ ಕಲಿಯಬೇಕು.

ಇನ್ನೊಂದು ಮಾತು. ಪುಟ್ ಆಫ್ ಬದಲು ಪೋಸ್ಟ್‌ಪೋನ್, ಪುಟ್ ಅಪ್ ವಿತ್ ಬದಲು ಟಾಲರೇಟ್ ಅನ್ನುತ್ತಾರಾ? ಪೊಸ್ಪೊನೆರ್, ತೊಲೆರಾರ್ ಅವರ ಭಾಷೆಯಲ್ಲೇ ಇವೆ, ಅದಕ್ಕೇ. ಸ್ವಲ್ಪ ಗಂಭೀರವಾಗಿ ಕೇಳಿಸುತ್ತದೆ, ಆದರೆ ತಪ್ಪಲ್ಲ. ಸುಮ್ನೆ ತಿದ್ದುತ್ತಾ ಕೂರಬೇಡಿ. ಬೇರೆಯವರು ಆಡಿದ್ದು ಮೊದಲು ತಿಳಿಯಲಿ.

ಟೆಕ್ಸಾಸ್‌ನಿಂದ:
ಅಕ್ಕಾ, ನನ್ನ ಪ್ರಕಾರ ಅರ್ಧ ತೊಂದರೆ ಕಿವಿಯದ್ದು. ಪುಟ್ ಇಟ್ ಆಫ್ ಅನ್ನುವುದು ಇಲ್ಲಿನವರ ಬಾಯಲ್ಲಿ 'ಪುರಿರಾಫ್' ಅಂತ ಕೇಳಿಸುತ್ತದೆ. ಸ್ವರಗಳ ನಡುವಿನ ಆ ಟ, ಸ್ಪ್ಯಾನಿಷಿನ 'ಪೆರೊ'ದಲ್ಲಿರುವ ರ ಹಾಗೇ. ನನ್ನ ಜೊತೆ ಕೆಲಸ ಮಾಡುವ ಮೆಕ್ಸಿಕೋದ ಹುಡುಗ ಕೇಳಿದ್ದನ್ನು ಸ್ಪ್ಯಾನಿಷ್ ಅಕ್ಷರದಲ್ಲಿ ಹಾಗೇ ಬರೆದುಕೊಂಡು, ಪಕ್ಕದಲ್ಲಿ ಪೂರ್ತಿ ವಾಕ್ಯ ಬರೆಯುತ್ತಾನೆ. ಈಗ ಮೀಟಿಂಗ್‌ನಲ್ಲಿ ಅವನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಐರಿಷರ ಟ ಮಾತ್ರ ಬೇರೆ ಥರ, ಸ, ಶ ಕಡೆ ಜಾರುತ್ತದೆ. ಹಾಗಾಗಿ ಅಮೆರಿಕದ ವಿಡಿಯೋಗಿಂತ ಅಲ್ಲಿನ ರೇಡಿಯೋ ಜಾಸ್ತಿ ಕೇಳಿಸಿ.

ಬೆಂಗಳೂರಿನಿಂದ:
ಚಿಲಿಯ ತಂಡದ ಜೊತೆ ದಿನಾ ಕಾಲ್ ಇರುತ್ತದೆ. ನಾನು ಗಮನಿಸಿದ್ದು ಎರಡು. 'ಪಿಕ್ ಅಪ್ ಇಟ್' ಅನ್ನುತ್ತಾರೆ. ರೆಕೊಹೆರ್ಲೊ, ಅಂದರೆ ಅದನ್ನು ಎತ್ತಿಕೊಳ್ಳುವುದು, ಅನ್ನುವಾಗ 'ಅದನ್ನು' ಅನ್ನುವ 'ಲೊ' ಕೊನೆಗೆ ಅಂಟುತ್ತದಲ್ಲ, ಆ ಅಭ್ಯಾಸ ಇರಬೇಕು. ಇಟ್, ದೆಮ್ ಬಂದರೆ ನಡುವೆಯೇ ಬರಬೇಕು: ಪಿಕ್ ಇಟ್ ಅಪ್, ಟರ್ನ್ ದೆಮ್ ಡೌನ್. ಇನ್ನೊಂದು, ಕಾರಿಗೂ ಬಸ್ಸಿಗೂ ಅವರದ್ದು ಒಂದೇ ಸುಬಿರ್, ನಾವೂ ಎರಡನ್ನೂ 'ಹತ್ತು'ತ್ತೇವೆ. ಎದ್ದು ನಿಂತು ಓಡಾಡುವಂಥದ್ದಕ್ಕೆ, ಅಂದರೆ ಬಸ್ಸು, ರೈಲು, ವಿಮಾನಕ್ಕೆ, ಗೆಟ್ ಆನ್, ಗೆಟ್ ಆಫ್. ಕಾರಿಗೆ ಗೆಟ್ ಇನ್, ಗೆಟ್ ಔಟ್.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊಮೆರ್ಸೆ ವಿಷಯ ಹೇಳಿದೆ, ತಕ್ಷಣ ಹಿಡಿದುಕೊಂಡರು. ಈಗ ಅವರದ್ದೇ ಒಂದು ಪ್ರಶ್ನೆ: ಲುಕ್ ಫಾರ್ವರ್ಡ್ ಟು ಆದಮೇಲೆ ಮೀಟ್ ಬರುತ್ತದಾ, ಮೀಟಿಂಗ್ ಬರುತ್ತದಾ?

ಮ್ಯಾಡ್ರಿಡ್‌ನಿಂದ:
ಮೀಟಿಂಗ್. ಆ ಟು ಇಲ್ಲಿ ವಿಭಕ್ತಿಯ ಕೆಲಸ ಮಾಡುತ್ತದೆ. ಲುಕ್ ಫಾರ್ವರ್ಡ್ ಟು ದ ಟ್ರಿಪ್ ಅನ್ನುತ್ತೇವಲ್ಲ, ಹಾಗೇ ಟು ಮೀಟಿಂಗ್ ಯೂ.