ಗೋಡೆಗೆ ಚಕಮಕಿ ಪಿಸ್ತೂಲಿನ ಜೋಡಿ: ಲೈಸೆನ್ಸ್ ಬೇಕಾ, ಏನು ನೋಡಿ ಕೊಳ್ಳಬೇಕು?

ಗಂಜಾಂ ಬಯಲು:
ಹಾಲ್ ಗೋಡೆಗೆ ಫ್ಲಿಂಟ್‌ಲಾಕ್ (ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸೋ) ಪಿಸ್ತೂಲಿನ ಜೋಡಿ ಹಾಕಬೇಕು ಅಂತಿದೀನಿ. ಹುಲಿಮೊಗದ್ದು, ಟಿಪ್ಪು ಕಾಲದ ನಮೂನೆ, ಹೊಸದಾಗಿ ಮಾಡಿದ್ದೇ ಸಾಕು. ಆನ್‌ಲೈನ್‌ನಲ್ಲಿ ಎರಡು ಥರ ಇದೆ. ಒಂದು ಜಿಂಕ್ ಎರಕದ್ದು. ಇನ್ನೊಂದು ಉಕ್ಕಿನ ನಳಿಗೆ, ಶೀಶಮ್ ಮರದ ಹಿಡಿ. ಎರಡನೇದರ ಮಾರಾಟಗಾರ 'ರಂಜಕದ ತೂತು (ಬೆಂಕಿ ನಳಿಗೆಯೊಳಗಿನ ಮದ್ದಿಗೆ ಹೋಗೋ ದಾರಿ) ಕೊರೆದಿಲ್ಲ, ಅದಕ್ಕೆ ಲೈಸೆನ್ಸ್ ಬೇಡ' ಅಂತಾನೆ. ನಂಬಬಹುದಾ? ಕೈಗೆ ಬಂದ ಮೇಲೆ ಏನೇನು ನೋಡಬೇಕು?

ತೋಟೆಕೋವಿ:
ಆ ಮಾತಿನ ಮೇಲೆ ದುಡ್ಡು ಕಟ್ಟಬೇಡಿ ಸಾರ್. ಹಾಗೆ ಮಾರೋ ಮಾಲಿನ ನಳಿಗೆ ಬಾಯಿಂದ ಬುಡದವರೆಗೆ ಪೂರ್ತಿ ಟೊಳ್ಳು. ಇಲ್ಲದಿರೋದು ಪಕ್ಕದ ಒಂದು ಸಣ್ಣ ತೂತು ಮಾತ್ರ. ಹೊರದೇಶಗಳಿಗೆ ಇಲ್ಲಿಂದ ಹೋಗೋ ಬಂದೂಕುಗಳೂ ಎಷ್ಟೋ ಹೀಗೇ ಹೋಗ್ತವೆ, ತೂತನ್ನು ಅಲ್ಲಿ ಕೊರೆಸಿಕೊಳ್ತಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ವಿನಾಯಿತಿ ಕೊಡೋದು ಹಳೇ ನಮೂನೆಯ, ಪುರಾತನ ಅಥವಾ ಕೆಟ್ಟುಹೋದ ಆಯುಧಕ್ಕೆ. ಅದೂ ರಿಪೇರಿ ಮಾಡಿದರೂ ಹಾರದಂಥದ್ದಕ್ಕೆ. 'ರಿಪೇರಿ ಮಾಡಿದರೂ' ಅನ್ನೋ ಆ ಎರಡು ಪದದಲ್ಲೇ ನಿಮ್ಮ ಮಾರಾಟಗಾರನ ವಾದ ಬಿದ್ದುಹೋಗುತ್ತೆ.

ಆಟಿಕೆ ಅಂತ ತಂದು ಆಮೇಲೆ ತೂತು ಕೊರೆಸಿದರೆ ಅದು 6ನೇ ಸೆಕ್ಷನ್ನಿಗೆ ಬರುತ್ತೆ. ನಕಲಿಯನ್ನು ನಿಜವಾದ ಬಂದೂಕು ಮಾಡೋದಕ್ಕೇ ಪ್ರತ್ಯೇಕ ಲೈಸೆನ್ಸ್ ಬೇಕು, ಇಲ್ಲದೆ ಮಾಡಿದರೆ ಜೈಲು. ಕೊಡಗಿನ ಕೋವಿ ವಿನಾಯಿತಿ (ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳೋ ಅವಕಾಶ) ತೋರಿಸಿ ಯಾರಾದರೂ ಧೈರ್ಯ ಹೇಳಿದರೆ ಕೇಳಬೇಡಿ. ಅದು ಕೊಡವರಿಗೆ ಮತ್ತು ಅಲ್ಲಿನ ವಂಶಪಾರಂಪರ್ಯದ ಜಮ್ಮಾ ಜಮೀನಿನ ಹಿಡುವಳಿದಾರರಿಗೆ, ಕಾವೇರಿ ಹರಿದು ಬಂದಂಗೆ ಅದು ಮಂಡ್ಯಕ್ಕೆ ಹರಿದು ಬರಲ್ಲ. ಹಾರೋ ಪಿಸ್ತೂಲೇ ಬೇಕು ಅಂದರೆ ಮೊದಲು ಲೈಸೆನ್ಸ್, ಆಮೇಲೆ ಖರೀದಿ. 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಬಂದೂಕು. ಗೋಡೆ ಅಲಂಕಾರಕ್ಕೆ ಅದನ್ನ ಖರ್ಚು ಮಾಡೋದು ದಂಡ.

ಗೋಡೆಗಾದರೆ ತಯಾರಕರೇ ನಳಿಗೆ ಮುಚ್ಚಿ ಎರಕ ಹೊಯ್ದದ್ದು ತಗೊಳ್ಳಿ. ಸ್ಪೇನಿನ ಡೆನಿಕ್ಸ್‌ನವರದು ಈ ಬಗೆ. ಬಿಲ್ಲಿನಲ್ಲಿ 'ಹಾರಿಸಲಾಗದ ಅಲಂಕಾರಿಕ ನಕಲು' ಅಂತ ಬರೆಸಿಕೊಂಡು ಬಿಲ್ ಎತ್ತಿಡಿ.

ಹಳೇ ಲಾಕು:
ಬಿಲ್ ಜೊತೆಗೆ ಒಂದು ಕಡ್ಡಿ, ಒಂದು ಅಯಸ್ಕಾಂತ ಇಟ್ಟುಕೊಳ್ಳಿ ಗುರೂ. ತೆಳು ಮರದ ಕಡ್ಡಿಯನ್ನ ನಳಿಗೆಯೊಳಗೆ ನಿಲ್ಲೋವರೆಗೂ ಬಿಟ್ಟು ಬಾಯಿ ಹತ್ತಿರ ಗುರುತು ಹಾಕಿ. ಹೊರಗೆ ಎಳೆದು ನಳಿಗೆ ಪಕ್ಕ ಹಿಡಿದು ನೋಡಿ. ಒಂದೆರಡು ಇಂಚಿಗೇ ನಿಂತರೆ ಮುಚ್ಚಿದ್ದು. ನಳಿಗೆಯ ಬುಡದ ಪಕ್ಕ ಕಿಡಿ ಬೀಳೋ ರಂಜಕದ ಬಟ್ಟಲಿನ ನೇರದವರೆಗೂ ಹೋದರೆ ವಾಪಸ್ ಕಳಿಸಿ. ಜಿಂಕಿಗೆ ಅಯಸ್ಕಾಂತ ಹಿಡಿಯಲ್ಲ, ಉಕ್ಕಿಗೆ ಹಿಡಿಯುತ್ತೆ. ಹಿತ್ತಾಳೆಗೂ ಹಿಡಿಯಲ್ಲ, ಅದಕ್ಕೆ ಕಡ್ಡಿ ಪರೀಕ್ಷೆ ಬಿಡಬೇಡಿ.

ಟಿಪ್ಪು ನಮೂನೆ ಅಂದಿರಿ. ಶ್ರೀರಂಗಪಟ್ಟಣದಲ್ಲಿ ಆಗ ಮಾಡಿದ ಜೋಡಿಗಳಲ್ಲಿ ಒಂದಕ್ಕೆ ಬಲಗಡೆ ಲಾಕು (ಕಿಡಿ ಹೊಡೆಯೋ ಯಂತ್ರ), ಇನ್ನೊಂದಕ್ಕೆ ಎಡಗಡೆ ಇರುವಂಥವು ಉಳಿದಿವೆ, ಒಂದು ಇನ್ನೊಂದರ ಕನ್ನಡಿ ಬಿಂಬದಂಗೆ. ಅಗ್ಗದ ಜೋಡಿ ಅಂದರೆ ಒಂದೇ ಅಚ್ಚಿನ ಎರಡು ಬಲಗಡೆ ಲಾಕು. ಹುಲಿಪಟ್ಟೆಯ ಮೇಲೆ ಉಗುರು ಆಡಿಸಿ: ಉಳಿಯಲ್ಲಿ ಕೆತ್ತಿದ್ದರೆ ಅಂಚು ಚುರುಕಾಗಿ ತಗುಲುತ್ತೆ, ಎರಕದ್ದಾದರೆ ದುಂಡಗೆ ಜಾರುತ್ತೆ, ನಳಿಗೆ ಅಡಿಯಲ್ಲಿ ಅಚ್ಚಿನ ಗೆರೆಯೂ ಸಿಗುತ್ತೆ. 'ಅಸಲಿ ಟಿಪ್ಪು ಕಾಲದ್ದು' ಅಂತ ಮಾರೋಕೆ ಬಂದರೆ ಅದು 1972ರ ಪುರಾವಸ್ತು ಕಾಯ್ದೆಯ ವಿಷಯ, ನೂರು ವರ್ಷ ದಾಟಿದ್ದನ್ನ ಲೈಸೆನ್ಸ್ ಇಲ್ಲದೆ ವ್ಯಾಪಾರ ಮಾಡೋ ಹಾಗಿಲ್ಲ.

ಗಂಜಾಂ ಬಯಲು:
ಕಡ್ಡಿ ಪರೀಕ್ಷೆ ಚೆನ್ನಾಗಿದೆ, ಥ್ಯಾಂಕ್ಸ್ ಅಣ್ಣ. ಮುಚ್ಚಿದ ನಳಿಗೆದೇ ತಗೋತೀನಿ. ಕುದುರೆ (ಕಲ್ಲು ಕಚ್ಚಿರೋ ಸುತ್ತಿಗೆ) ಎಳೆದು ಬಿಟ್ಟರೆ ಕಿಡಿ ಬರುತ್ತಾ? ಹಿತ್ತಾಳೆ ಭಾಗಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಬಹುದಾ?

ಹಳೇ ಲಾಕು:
ಬರಲ್ಲ. ಕಿಡಿ ಅಂದರೆ ಚಕಮಕಿ ಕಲ್ಲು ಫ್ರಿಜನ್ನಿನಿಂದ (ಕಲ್ಲು ಬಡಿಯೋ ಫಲಕದಿಂದ) ಹೆರೆದ ಉಕ್ಕಿನ ಬಿಸಿ ಚೂರು. ಅದಕ್ಕೆ ಫ್ರಿಜನ್ ಗಟ್ಟಿ ಮಾಡಿದ ಉಕ್ಕಾಗಿರಬೇಕು, ಮೆತ್ತಗಿದ್ದರೆ ಕಲ್ಲು ಬರೀ ಗೀರು ಹಾಕುತ್ತೆ. ಜಿಂಕಿನದರಲ್ಲಿ ಅದೂ ಇಲ್ಲ. ಮೇಲಿಂದ ಮೇಲೆ 'ಟಕ್' ಅನ್ನಿಸಿದರೆ ಕುದುರೆಯ ಕತ್ತು ಮುರಿಯುತ್ತೆ, ಜಿಂಕಿನ ಮಾಲಿನಲ್ಲಿ ಮೊದಲು ಹೋಗೋ ಜಾಗ ಅದೇ. ಹೆಬ್ಬೆರಳಲ್ಲಿ ಹಿಡಿದು ಮೆಲ್ಲಗೆ ಇಳಿಸಿ. ಕುದುರೆಯನ್ನ ಅರ್ಧ ಮೆಟ್ಟಿಲಿಗೆ (ಅರ್ಧ ಎಳೆದಾಗ ನಿಲ್ಲೋ ಜಾಗಕ್ಕೆ) ಏರಿಸಿ ಟ್ರಿಗರ್ ಒತ್ತಿದಾಗ ಬೀಳಬಾರದು, ಬಿದ್ದರೆ ಒಳಗಿನ ಖಾಚು ಸವೆದಿದೆ ಅಂತ ಅರ್ಥ.

ಹುಣಸೆಹಣ್ಣು ದೇವರ ದೀಪಕ್ಕಿರಲಿ. ಅದರ ಹುಳಿ ಸ್ಕ್ರೂ ಸಂದಿಗೆ ಇಳಿದರೆ ಉಕ್ಕು ತುಕ್ಕು ಹಿಡಿಯುತ್ತೆ, ಜಿಂಕಿನ ಲೇಪ ಮಂಕಾಗುತ್ತೆ.

ತೋಟೆಕೋವಿ:
ಕೊಬ್ಬರಿ ಎಣ್ಣೆನೂ ಬೇಡ, ಚಳಿಗಾಲದಲ್ಲಿ ಗಟ್ಟಿಯಾಗಿ ಧೂಳು ಹಿಡಿಯುತ್ತೆ. ಹೊಲಿಗೆ ಯಂತ್ರದ ಎಣ್ಣೆ ಲಾಕಿನ ಕೀಲಿಗೆ ಒಂದೊಂದು ಹನಿ, ಮರದ ಹಿಡಿಗೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆ ತೆಳ್ಳಗೆ ಒರೆಸಿ. ಆ ಎಣ್ಣೆ ಬಟ್ಟೆಯನ್ನ ಮುದ್ದೆ ಮಾಡಿ ಬಿಸಾಡಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತೆ. ಬಿಡಿಸಿ ಒಣಗಿಸಿ. ಮಳೆ ಹೊಡೆಯೋ ಹೊರಗೋಡೆಗೆ ನೇತುಹಾಕಬೇಡಿ, ಒಳಗೋಡೆಗೇ ಹಾಕಿ, ಮಕ್ಕಳ ಕೈಗೆ ಸಿಗದ ಎತ್ತರಕ್ಕೆ.

ಬಸ್ಸಲ್ಲೋ ಬೈಕಲ್ಲೋ ತರುವಾಗ ಸೊಂಟಕ್ಕೆ ಸಿಗಿಸಿಕೊಂಡು ಶೋಕಿ ಮಾಡಬೇಡಿ. ಡಬ್ಬಿಯಲ್ಲಿ ಮುಚ್ಚಿ, ಬಿಲ್ ಜೊತೆಗೆ ತನ್ನಿ. ದೂರದಿಂದ ನೋಡಿದವರಿಗೆ ಜಿಂಕೂ ಉಕ್ಕೂ ಒಂದೇ.